ಹೂಡಿಕೆ ಬಂತು ಸರಿ, ಮಿಡಿ ಎಲ್ಲಿಂದ ಬರುತ್ತೆ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ನಮ್ಮ ಕಡೆ ಗಂಡ ಹೆಂಡ್ತಿ ಇಬ್ರು ನಡೆಸೋ ಉಪ್ಪಿನಕಾಯಿ ಸ್ಟಾರ್ಟಪ್‌ಗೆ ಬೆಂಗಳೂರಿನ ಇನ್ವೆಸ್ಟರ್‌ಗಳು ದುಡ್ಡು ಹಾಕಿದಾರೆ ಅಂತ ಸುದ್ದಿ ಬಂದಿತ್ತಲ್ಲ, ಅದನ್ನ ನಮ್ಮನೇಲಿ ಒಬ್ರಾದ ಮೇಲೆ ಒಬ್ರು ಓದಿ, ಕೊನೆಗೆ ನಮ್ಮತ್ತೆಗೆ ಕಣ್ಣು ಸರಿ ಕಾಣಲ್ಲ ಅಂತ ಜೋರಾಗಿ ಓದಿ ಹೇಳಿದ್ದೂ ಆಯ್ತು, ಯಾಕಂದ್ರೆ ಆ ಕಂಪನಿಯ ಮೊದಲ್ನೇ ವರ್ಷದ ಮಾವಿನ ಮಿಡಿ ಅಷ್ಟೂ ಆರಿಸಿ ಉಪ್ಪಿಗೆ ಹಾಕಿದ್ದು ನಮ್ಮನೆ ಜಗುಲಿ ಮೇಲೆ. ಫೋಟೋದಲ್ಲಿ ಕೋಟು ಹಾಕ್ಕೊಂಡು ಕೈ ಕುಲುಕ್ತಾ ಇರೋ ಹುಡುಗ ಆವತ್ತು ನಮ್ಮನೆಯವರ ಹಳೇ ಪಂಚೆ ಉಟ್ಕೊಂಡು ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ನಮಗೆ ನಿಜವಾಗ್ಲೂ ಖುಷಿ ಆಗಿದೆ, ಹೊಟ್ಟೆಕಿಚ್ಚಿಗೆ ಬರೀತಿರೋ ಪತ್ರ ಅಲ್ಲ ಇದು, ಮೊದಲೇ ಹೇಳ್ಬಿಡ್ತೀನಿ. ಆದ್ರೆ ವರದೀಲಿ ಎಷ್ಟು ದುಡ್ಡು ಬಂತು, ಯಾವ್ಯಾವ ಊರಲ್ಲಿ ಮಾರ್ತಾರೆ, ಇನ್ನು ಮೂರು ವರ್ಷದಲ್ಲಿ ಹತ್ತು ಪಟ್ಟು ಮಾಡ್ತಾರೆ ಅಂತೆಲ್ಲ ಇತ್ತು, ಮಿಡಿ ಎಲ್ಲಿಂದ ಬರುತ್ತೆ ಅನ್ನೋದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಅದಕ್ಕೇ ಬರೀತಾ ಇದೀನಿ. ಉದ್ದ ಆಯ್ತು ಅನ್ಸಿದ್ರೆ ಕತ್ತರಿ ಹಾಕಿ, ಮರದ ವಿಷ್ಯ ಮಾತ್ರ ಬಿಡಬೇಡಿ.

ಇಬ್ರೂ 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿಂದ ಊರಿಗೆ ಬಂದೋರು, ಎರಡು ತಿಂಗಳು ಅಂತ ಬಂದೋರು ವಾಪಸ್ ಹೋಗ್ಲೇ ಇಲ್ಲ. ಹುಡುಗಿ ಘಟ್ಟದ ಕೆಳಗಿನವಳು, ನಮ್ಮನೇಲಿ ಒಂದಿನ ಮೂರು ವರ್ಷದ ಹಳೇ ಮಿಡಿ ಉಪ್ಪಿನಕಾಯಿ ಹಾಕ್ಕೊಂಡು ಗಂಜಿ ಊಟ ಮಾಡಿದವಳು, "ಅತ್ತೆ, ಇದನ್ನ ಬಾಟ್ಲಿಗೆ ಹಾಕಿ ಕಳಿಸಿದ್ರೆ ಬೆಂಗಳೂರಲ್ಲಿ ನನ್ನ ಫ್ರೆಂಡ್ಸು ಜಗಳ ಆಡ್ಕೊಂಡು ತಗೋತಾರೆ" ಅಂತ ನನಗೆ ಅಂದ್ಲು (ಇಬ್ರೂ ನನ್ನ ಅತ್ತೆ ಅಂತಲೇ ಕರೆಯೋದು). ನಾನು ನಕ್ಕೆ. ಮೊದಲು ಕಳಿಸಿದ ಹತ್ತೋ ಹನ್ನೆರಡೋ ಬಾಟ್ಲಿ ದಾರೀಲೇ ರಸ ಸೋರಿ ಕೊರಿಯರ್‌ನವರ ಹತ್ರ ಬೈಸ್ಕೊಂಡಿದ್ದೂ ಆಯ್ತು. ಆಮೇಲೆ ಮುಚ್ಚಳ ಬದಲಾಯ್ಸಿದ್ರು, ಒಳಗೊಂದು ಸೀಲು ಹಾಕೋ ಮಿಷನ್ನು ತಂದ್ರು, ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸಿನ 14 ಅಂಕಿ ನಂಬರು ಬಂತು. "ಅತ್ತೆ, ಬೆಸ್ಟ್ ಬಿಫೋರ್ ಅಂತ ಎಷ್ಟು ತಿಂಗಳು ಹಾಕೋಣ" ಅಂತ ಅವಳು ಕೇಳಿದಾಗ ನಮ್ಮತ್ತೆ ಒಳಗಿಂದ್ಲೇ ಕೂಗಿ ಹೇಳಿದ್ದು, "ಎರಡು ವರ್ಷ ಆದ್ಮೇಲೆ ತಿನ್ನಿ ಅಂತ ಬರಿ" ಅಂತ. 2023ರಲ್ಲಿ ಸಾಗರದ ಮಾರಿಕಾಂಬಾ ಜಾತ್ರೇಲಿ ಒಂದು ಸಣ್ಣ ಸ್ಟಾಲ್ ಹಾಕಿದ್ರು, ಆವಾಗ್ಲೇ ನಮಗೆಲ್ಲ ಇದು ನಿಲ್ಲೋ ಕೆಲಸ ಅನ್ಸಿದ್ದು, ಯಾಕಂದ್ರೆ ಮಿಡಿ ಉಪ್ಪಿನಕಾಯಿ ಮನೇಲೇ ಇರೋ ಸಾಗರದೋರೇ ದುಡ್ಡು ಕೊಟ್ಟು ತಗೊಂಡ್ರು.

ಇಲ್ಲಿಗೆ ಬರೋ ಮುಂಚೆ ಬ್ಯಾಂಕಿನ ಕತೆ ಒಂದಿದೆ. ಹೆಸರು ಬೇಡ. ಪ್ರಾಜೆಕ್ಟ್ ರಿಪೋರ್ಟ್ ಹಿಡ್ಕೊಂಡು ಹೋದವರಿಗೆ ಅಲ್ಲಿನ ಸಾಹೇಬ್ರು "ತೋಟದ ಪಹಣಿ ಇದ್ರೆ ತನ್ನಿ, ಬೆಳೆಸಾಲ ಕೊಡ್ತೀವಿ, ಮನೇಲಿ ಹೆಂಗಸ್ರು ಹಾಕೋ ಉಪ್ಪಿನಕಾಯಿಗೆಲ್ಲ ಸಾಲ ಅಂದ್ರೆ ಹೆಂಗೆ" ಅಂದ್ರಂತೆ. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತೆ. 1959ರಲ್ಲಿ ಮುಂಬೈಯಲ್ಲಿ ಏಳು ಜನ ಹೆಂಗಸ್ರು 80 ರೂಪಾಯಿ ಸಾಲ ತಗೊಂಡು ಮಹಡಿ ಮೇಲೆ ಹಪ್ಪಳ ಒಣಗಿಸಿದ್ದೇ ಲಿಜ್ಜತ್ ಆಗಿದ್ದು, ಆ 80 ರೂಪಾಯಿ ಕೊಟ್ಟೋರು ಪಹಣಿ ಕೇಳಿದ್ರೆ ಏನಾಗ್ತಿತ್ತೋ.

ಪೇಟೆಯೋರು ಬಾಟ್ಲಿ ಮಾತ್ರ ನೋಡಿರ್ತಾರೆ, ಅದರ ಹಿಂದಿನ ಕೆಲಸ ಸ್ವಲ್ಪ ಹೇಳ್ತೀನಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ, ಗೊರಟು ಬಲಿಯೋಕೆ ಮುಂಚೆ ಮಿಡಿ ಕೊಯ್ದು ಮುಗೀಬೇಕು, ಒಂದೊಂದು ಮರಕ್ಕೆ ಸಿಗೋದು ಹೆಚ್ಚಂದ್ರೆ ಒಂದು ವಾರ ಹತ್ತು ದಿನ. ಬೆಳಗಾಗೋಕೆ ಮುಂಚೆ ಮರ ಹತ್ತೋರು ಬರ್ತಾರೆ, ಸೊಂಟಕ್ಕೆ ಚೀಲ ಕಟ್ಕೊಂಡು ಒಂದೊಂದೇ ಮಿಡಿ ತೊಟ್ಟು ಸಮೇತ ಮುರಿದು ಚೀಲ ತುಂಬಿದ ಮೇಲೆ ಹಗ್ಗದಲ್ಲಿ ಇಳಿಬಿಡ್ತಾರೆ, ನಾವು ಕೆಳಗೆ ಹಿಡ್ಕೋಬೇಕು, ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಪೆಟ್ಟು ಬಿದ್ದ ಮಿಡಿ ಆವತ್ತು ಚೆನ್ನಾಗೇ ಕಾಣುತ್ತೆ, ಭರಣೀಲಿ ತಿಂಗಳಾದ ಮೇಲೆ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತೆ. ತೊಟ್ಟು ಬಿಡಬಾರ್ದು ಯಾಕಂದ್ರೆ ಸೊನೆ ಒಳಗೇ ಇರ್ಬೇಕು, ಆ ಸೊನೇಲೇ ಪರಿಮಳ ಇರೋದು, ಚಿಕ್ಕವರಿದ್ದಾಗ ನಾವು ಮಿಡಿ ತೊಟ್ಟು ಮುರಿದು ಸೊನೆ ದೀಪಕ್ಕೆ ಚಿಮ್ಮಿಸಿ ಚಟಪಟ ಅನ್ನೋದು ನೋಡಿ ಬೈಸ್ಕೊಳ್ತಿದ್ವಿ. ಮೈಗೆ ತಾಗಿದ್ರೆ ಸುಡುತ್ತೆ. ಸೀಸನ್ ಮುಗಿಯೋ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳು ತೋರುಬೆರಳು ಎರಡೂ ಕಪ್ಪಾಗಿ ಸಿಪ್ಪೆ ಸುಲೀತಿರುತ್ತೆ, ಮದುವೆ ಮನೆಗೆ ಹೋದ್ರೆ ಸೆರಗಲ್ಲಿ ಮುಚ್ಕೊಂಡು ಕೂರ್ತೀನಿ. ಆರಿಸಿದ ಮಿಡಿ ಒಂದು ಪದರ, ಕಲ್ಲುಪ್ಪು ಒಂದು ಪದರ, ಮೇಲೊಂದು ಕಲ್ಲು ಹೇರಿ ಬಿಟ್ರೆ ಎರಡು ಮೂರು ವಾರದಲ್ಲಿ ಮಿಡಿ ನೀರು ಬಿಟ್ಕೊಂಡು ಚಿರುಟುತ್ತೆ, ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದ್ರಲ್ಲೇ ಸಾಸಿವೆ ಬ್ಯಾಡಗಿ ಮೆಣಸು ಅರೆದು ಹಾಕೋದು. ವಿನೆಗರ್ ಇಲ್ಲ, ಎಣ್ಣೆ ಇಲ್ಲ. ಕೆಲಸ ಇಷ್ಟೇ, ಆದ್ರೆ ಒದ್ದೆ ಕೈ ಒಂದು ಸಲ ತಾಗಿದ್ರೆ ಭರಣಿ ಪೂರ್ತಿ ಬೂಸ್ಟು.

ಈಗ ದುಡ್ಡಿನ ವಿಷ್ಯ. ಮಿಡಿ ತಗೊಳ್ಳೋದು ಐದಾರು ವಾರದಲ್ಲಿ, ಮಾರೋದು ಹನ್ನೆರಡು ತಿಂಗಳು. ಮರ ಹತ್ತಿದವರಿಗೆ ಸಂಜೆಯೇ ದುಡ್ಡು ಎಣಿಸ್ಬೇಕು, ಮರದ ಮಾಲೀಕರಿಗೆ ನೂರು ಮಿಡಿಗೆ ಇಷ್ಟು ಅಂತ ಅಲ್ಲೇ ಕೊಡ್ಬೇಕು, ಇಲ್ಲಾಂದ್ರೆ ನಾಳೆ ಆ ಮರ ಬೇರೆಯವ್ರ ಪಾಲು. ಇತ್ಲಾಗೆ ಬಾಟ್ಲಿ ತಗೊಂಡ ದೊಡ್ಡ ಅಂಗಡಿಯವರು ದುಡ್ಡು ಕೊಡೋದು ಮೂರು ತಿಂಗಳು ನಾಲ್ಕು ತಿಂಗಳಾದ ಮೇಲೆ. ಸಣ್ಣ ಉದ್ಯಮದವರ ಬಾಕಿ 45 ದಿನದ ಒಳಗೆ ಕೊಡ್ಬೇಕು ಅಂತ 2006ರ ಕಾಯ್ದೇಲೇ ಇದೆ, ಆದ್ರೆ ಕಾಯ್ದೆ ತೋರಿಸಿದ್ರೆ ಮುಂದಿನ ಆರ್ಡರೇ ಇರಲ್ಲ ಅಂತ ಹುಡುಗ ಹೇಳ್ತಿದ್ದ. ಒಂದು ವರ್ಷ ಮಾರ್ಚಲ್ಲಿ ಕೈಲಿ ಕಾಸಿಲ್ದೆ ಆ ಹುಡುಗಿ ಬಳೆ ಅಡ ಇಟ್ಟಿದ್ದು ನನಗೆ ಗೊತ್ತು, ಅವರತ್ತೆಗೆ ಈಗ್ಲೂ ಗೊತ್ತಿಲ್ಲ (ಈ ಪತ್ರ ಓದಿ ಗೊತ್ತಾದ್ರೆ ನನ್ನ ತಪ್ಪಲ್ಲ). ಸರ್ಕಾರದ ಸ್ಕೀಮ್ ಇಲ್ವಾ ಅಂತ ಕೇಳ್ಬಹುದು. ಇದೆ, ಸಣ್ಣ ಆಹಾರ ಉದ್ಯಮದವರಿಗೆ ಪಿಎಂಎಫ್‌ಎಂಇ ಅಂತ 2020ರಲ್ಲಿ ಬಂತು, ಕೇಂದ್ರದಿಂದ ನೂರಕ್ಕೆ 35 ಸಬ್ಸಿಡಿ, 10 ಲಕ್ಷದವರೆಗೆ, ಮೇಲೆ ನಮ್ಮ ರಾಜ್ಯದವರು ಇನ್ನೊಂದು 15 ಸೇರಿಸ್ತಾರೆ, ಒಳ್ಳೇ ಸ್ಕೀಮೇ, ಹೊಸನಗರದಲ್ಲೂ ಸಾಗರದಲ್ಲೂ ಮಿಷನ್ ಹಾಕ್ಕೊಂಡವರು ಇದಾರೆ. ಆದ್ರೆ ಅದೂ ಬ್ಯಾಂಕ್ ಸಾಲದ ಬೆನ್ನಿಗೆ ಬರೋ ಸಬ್ಸಿಡಿ, ಬ್ಯಾಂಕ್ ಬಾಗಿಲಲ್ಲೇ ನಿಂತೋರಿಗೆ ಏನು ಮಾಡುತ್ತೆ. ಇನ್ನೊಂದು ತಮಾಷೆ ಅಂದ್ರೆ ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಆ ಸ್ಕೀಮಲ್ಲಿ ನಮ್ಮ ಶಿವಮೊಗ್ಗಕ್ಕೆ ಆರಿಸಿರೋದು ಅನಾನಸು. ಅನಾನಸು ಬೆಳೆಯೋರ ಮೇಲೆ ನನಗೇನೂ ಸಿಟ್ಟಿಲ್ಲ, ನಮ್ಮ ತವರುಮನೇಲೂ ಬೆಳೀತಾರೆ, ಆದ್ರೆ ನಾವು ಉಪ್ಪಿಗೆ ಹಾಕೋ ಈ ಪರಿಮಳದ ಮಿಡಿ, ಜಿಐ ಮಾನ್ಯತೆ (ಇದು ಈ ಸೀಮೆಯದ್ದೇ ಅನ್ನೋ ಅಧಿಕೃತ ಗುರುತು) ಸಿಕ್ಕಿರೋ ಅಪ್ಪೆಮಿಡಿ ಇರೋ ಊರು ಕಣ್ರೀ ಇದು.

ಹಾಗಾಗಿ ಅವರು ಹೊರಗಿನ ದುಡ್ಡು ತಗೊಂಡಿದ್ದು ತಪ್ಪು ಅಂತ ನಾನು ಹೇಳಲ್ಲ. ನಮ್ಮೂರಲ್ಲಿ ಕೆಲವರು ಆಗ್ಲೇ "ಕಂಪನಿ ಮಾರ್ಬಿಟ್ರಂತೆ" ಅಂತ ಶುರು ಮಾಡಿದಾರೆ, ಅವರಿಗೆ ಪಾಲು ಕೊಡೋದಕ್ಕೂ ಮಾರೋದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಸಾಲ ಆದ್ರೆ ಬೆಳೆ ಬರ್ಲಿ ಬಿಡ್ಲಿ ಕಂತು ಕಟ್ಟಬೇಕು, ಪಾಲು ಆದ್ರೆ ಲಾಭ ನಷ್ಟ ಎರಡ್ರಲ್ಲೂ ಜೊತೆ. ಆದ್ರೆ ಪಾಲಿಗೆ ಬಂದೋರು ಸುಮ್ನೆ ಕೂರೋಕೆ ಬಂದಿರಲ್ಲ, ಇವತ್ತು ಹಾಕಿದ್ದು ನಾಳೆ ನಾಲ್ಕು ಪಟ್ಟು ಆಗಿ ಎದ್ದು ಹೋಗ್ಬೇಕು ಅಂತ ಬಂದಿರ್ತಾರೆ, ಅದು ಅವರ ಕಸುಬು, ತಪ್ಪೇನಿಲ್ಲ. ನಿಮ್ಮ ವರದೀಲಿ ಐಡಿ ದೋಸೆ ಹಿಟ್ಟಿನ ಉದಾಹರಣೆ ಕೊಟ್ಟಿದ್ರಿ, 2005ರಲ್ಲಿ ಬೆಂಗಳೂರಲ್ಲಿ 50 ಚದರಡಿ ಜಾಗದಲ್ಲಿ ಶುರುವಾಗಿ, ಆಮೇಲೆ ಪ್ರೇಮ್‌ಜಿ ಇನ್ವೆಸ್ಟ್ ಅಂಥೋರೆಲ್ಲ ದುಡ್ಡು ಹಾಕಿ ದುಬೈವರೆಗೂ ಹೋಯ್ತು ಅಂತ. ಓದೋಕೆ ಚೆನ್ನಾಗಿದೆ. ಆದ್ರೆ ಅಕ್ಕಿ ಉದ್ದು ದುಬೈಲೂ ಸಿಗುತ್ತೆ, ಗ್ರೈಂಡರ್ ಇಟ್ಟು ಅಲ್ಲೇ ರುಬ್ಬಬಹುದು. ಅಪ್ಪೆಮಿಡಿ ಎಲ್ಲಿ ಇಟ್ಟು ರುಬ್ತೀರಿ? ಅದು ಬರೋದು ಶರಾವತಿ, ವರದಾ, ಅಘನಾಶಿನಿ, ಕುಮುದ್ವತಿ ದಂಡೆ ಮೇಲಿರೋ, ಹಳ್ಳದ ಪಕ್ಕ ಬೆಟ್ಟದ ಬುಡದಲ್ಲಿರೋ ಮರದಿಂದ. ಆ ಮರ ಯಾರೂ ನೆಟ್ಟಿದ್ದಲ್ಲ, ನಮ್ಮಜ್ಜನ ಕಾಲದಲ್ಲೇ ಅದು ಹಳೇ ಮರ.

ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಮಿಡಿ, ಕರ್ಣಕುಂಡಲ ಅಂತ ಹೆಸರಿರೋವು ನಾಲ್ಕಾದ್ರೆ ಹೆಸರೇ ಇಲ್ದೆ "ಹೊಳೆ ಆಚೆ ಮರದ್ದು" ಅನ್ನಿಸ್ಕೊಳ್ಳೋವು ನಲವತ್ತು. ಒಂದೊಂದು ಮರದ ರುಚಿ ಒಂದೊಂದು. ಗೊರಟು ನೆಟ್ರೆ ತಾಯಿ ಮರದ ಪರಿಮಳವೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಕಸಿ ಕಟ್ಟಿದ್ರೆ ಮಾತ್ರ ಬರುತ್ತೆ, ಅಂದ್ರೆ ಒಂದು ಮರ ಬಿತ್ತು ಅಂದ್ರೆ ಒಂದು ರುಚಿ ಹೋಯ್ತು ಅಂತಲೇ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ನೀರು ನಿಂತಾಗ ಮನೆ ಗದ್ದೆ ಮುಳುಗಿದ್ದರ ಲೆಕ್ಕ ಬರೆದ್ರು, ಹೊಳೆ ದಂಡೆಯ ಮಿಡಿ ಮರ ಎಷ್ಟು ಮುಳುಗಿದ್ವು ಅಂತ ಯಾರೂ ಬರೆದಿಲ್ಲ. ನಮ್ಮತ್ತೆ ತವರು ಮುಳುಗಡೆ ಕಡೆ, ಅಲ್ಲಿನ ಒಂದು ಮರದ ಮಿಡಿ ಬಗ್ಗೆ ಹೇಳೋಕೆ ಶುರು ಮಾಡಿದ್ರೆ ಈಗ್ಲೂ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಉಳಿದಿದ್ದಕ್ಕೆ ಈಗಿನ ಕಷ್ಟ ಬೇರೆ. ಮೊದಲೆಲ್ಲ ಮರ ಹತ್ತಿ ಕೊಯ್ತಿದ್ರು, ಈಗ ಹತ್ತೋರು ಕಮ್ಮಿ, ಹತ್ತೋರಿಗೂ ವಯಸ್ಸಾಯ್ತು, ಗುತ್ತಿಗೆಗೆ ತಗೊಂಡ ಕೆಲವರು ಪಿಕಪ್ ತಂದು ರೆಂಬೆ ರೆಂಬೆಯನ್ನೇ ಕಡಿದು ಕೆಳಗೆ ಹಾಕ್ಕೊಂಡು ಕೊಯ್ಕೊಂಡು ಹೋಗ್ತಾರೆ, ಅರ್ಧ ದಿನದ ಕೆಲಸ, ಮರಕ್ಕೆ ಮತ್ತೆ ಹೂವು ಬರೋಕೆ ಎಷ್ಟು ವರ್ಷವೋ. ಶರಾವತಿ ಹಿನ್ನೀರಿನ ಆಚೆ ಇರೋ ತುಮರಿ ಕಡೆ ಮಿಡಿ ಮುಂಚೆ ಲಾಂಚಲ್ಲಿ ದಾಟಿ ಬರ್ಬೇಕಿತ್ತು, 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯ್ತು, ನಮಗೆಲ್ಲ ಎಷ್ಟು ಅನುಕೂಲ ಆಗಿದೆ ಅಂತ ಬೇರೆ ಹೇಳ್ಬೇಕಾಗಿಲ್ಲ, ಆದ್ರೆ ಸೇತುವೆ ಮೇಲೆ ಆ ಪಿಕಪ್ಪೂ ದಾಟುತ್ತೆ.

ಮಾವಿನ ಮರ ಒಂದು ವರ್ಷ ಚೆನ್ನಾಗಿ ಕಾಯಿ ಬಿಟ್ರೆ ಇನ್ನೊಂದು ವರ್ಷ ಸುಸ್ತು. ನಮ್ಮ ತೋಟದ ಅಂಚಲ್ಲಿ ಎರಡು ಮರ ಇದಾವೆ, ಹೋದ ವರ್ಷ ಸಾವಿರದ ಲೆಕ್ಕದಲ್ಲಿ ಕೊಟ್ವು, ಈ ವರ್ಷ ಒಂದು ಹೂವೇ ಬಿಡ್ಲಿಲ್ಲ, ಇನ್ನೊಂದು ಹೂವು ಬಿಟ್ಟಿತ್ತು, ಇಬ್ಬನಿ ಜೋರಾಗಿ ಜಿಗಿಹುಳು ಬಿದ್ದು ಹೂವೆಲ್ಲ ಕರಟೋಯ್ತು. ಹೋದ ವಾರ ಹುಡುಗ ಸ್ವೀಟ್ ಬಾಕ್ಸ್ ಹಿಡ್ಕೊಂಡು ಬಂದಿದ್ದ, ಕಾಲಿಗೆ ನಮಸ್ಕಾರ ಮಾಡ್ದ, ಚಾ ಕುಡೀತಾ "ಅತ್ತೆ, ಅವರು ಎಲ್ಲಾ ಬಿಟ್ಟು ಮತ್ತೆ ಮತ್ತೆ ಕೇಳಿದ್ದು ಒಂದೇ, ಸ್ಕೇಲ್ ಆಗುತ್ತಾ ಅಂತ" ಅಂದ. ಸ್ಕೇಲ್ ಅಂದ್ರೆ ನನಗೆ ಗೊತ್ತಿರೋದು ಮಕ್ಕಳ ಕಂಪಾಸ್ ಬಾಕ್ಸಲ್ಲಿ ಇರೋದು. ಅವನೇ ಬಿಡಿಸಿ ಹೇಳಿದ, ವ್ಯಾಪಾರಾನ ಎಷ್ಟೋ ಪಟ್ಟು ದೊಡ್ಡದು ಮಾಡೋಕಾಗುತ್ತಾ ಅಂತ. ನಾನು ಕೇಳ್ದೆ, "ಅಲ್ವೋ ಮಾರಾಯ, ಹತ್ತು ಪಟ್ಟು ಮಾಡ್ತೀವಿ ಅಂತ ಬರೆದುಕೊಟ್ಟಿದೀಯಲ್ಲ, ಮರ ಎಷ್ಟಿದೆ ಅಂತ ಎಣಿಸಿದೀಯಾ?" ಅವನು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಎಣಿಸ್ಬೇಕು ಅತ್ತೆ" ಅಂದ. ಅವನ ಮೇಲೆ ನನಗೆ ನಂಬಿಕೆ ಇರೋದು ಇದಕ್ಕೇ, ಬೇರೆಯವರಾಗಿದ್ರೆ ಏನೋ ಒಂದು ಇಂಗ್ಲಿಷ್ ಮಾತಾಡಿ ತೇಲಿಸಿರೋರು.

ಎಣಿಸ್ದೇ ಇದ್ರೆ ಏನಾಗುತ್ತೆ ಅಂತ ನನಗೆ ಈಗ್ಲೇ ಕಾಣುತ್ತೆ. ಮಿಡಿ ಸಾಲ್ದೇ ಇದ್ದಾಗ ಮೊದಲು ಎಲ್ಲಿಂದಲೋ ಬಂದ ಯಾವ್ದೋ ಕಾಡುಮಾವಿನ ಮಿಡಿ ಸೇರುತ್ತೆ, ಪರಿಮಳ ಕಮ್ಮಿ ಆಯ್ತು ಅಂತ ಮಸಾಲೆ ಜಾಸ್ತಿ ಆಗುತ್ತೆ, ಎಲ್ಲಾ ಬಾಟ್ಲಿ ಒಂದೇ ರುಚಿ ಬರ್ಬೇಕು ಅಂತ ಪ್ರಿಸರ್ವೇಟಿವ್ ಬರುತ್ತೆ, ಕೊನೆಗೆ ಲೇಬಲ್ ಮೇಲೆ ಮಾತ್ರ ಮಲೆನಾಡು, ಅಜ್ಜಿ ಚಿತ್ರ, ಹೆಂಚಿನ ಮನೆ. ಗಿರಾಕಿಗಳೂ ಇದ್ರಲ್ಲಿ ಪಾಲುದಾರರೇ. ಬೆಂಗಳೂರಿನ ಒಬ್ರು ಹೋದ ಸಲದ ಬಾಟ್ಲಿ ಜೀರಿಗೆ ವಾಸ್ನೆ ಬರ್ತಿತ್ತು ಈ ಸಲದ್ದು ಬರ್ತಾ ಇಲ್ಲ ಅಂತ ಒಂದೇ ಸ್ಟಾರ್ ಕೊಟ್ಟಿದ್ರಂತೆ. ಸ್ವಾಮಿ, ಅದು ಬೇರೆ ಮರ.

ನನ್ನ ಕೇಳಿದ್ರೆ ಬಂದಿರೋ ದುಡ್ಡಲ್ಲಿ ಬೆಂಗಳೂರು ಆಫೀಸು, ಜಾಹೀರಾತು ಎಲ್ಲಾ ಮಾಡ್ಲಿ, ಅದಕ್ಕೆ ಮುಂಚೆ ಒಂದು ಭಾಗ ಮರಕ್ಕೆ ಅಂತ ತೆಗೆದಿಡ್ಲಿ, ಹೂಡಿಕೆದಾರರ ಹತ್ರ ಅದನ್ನ ಖರ್ಚು ಅಂತ ಅಲ್ಲ ಫ್ಯಾಕ್ಟರಿ ಕಟ್ಟೋದು ಅಂತಲೇ ಹೇಳ್ಲಿ, ಯಾಕಂದ್ರೆ ನಿಜವಾದ ಫ್ಯಾಕ್ಟರಿ ಅದೇ. ಒಳ್ಳೇ ಮರ ಗುರುತಿಸಿ ಕಡ್ಡಿ ತಂದು ಕಸಿ ಕಟ್ಟಿಸಿ ನಮ್ಮಂಥೋರ ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ), ತೋಟದ ಅಂಚಲ್ಲಿ ನೆಡಿಸಬಹುದು, ಕಸಿ ಗಿಡ ಐದಾರು ವರ್ಷಕ್ಕೆ ಮಿಡಿ ಬಿಡೋಕೆ ಶುರು ಮಾಡುತ್ತೆ, ನಾಳೆಯೇ ಬಾಟ್ಲಿ ತುಂಬಲ್ಲ, ಆದ್ರೆ ಹತ್ತು ಪಟ್ಟಿನ ಮಾತಾಡೋರು ಐದು ವರ್ಷ ಮುಂದೆ ನೋಡ್ಲೇಬೇಕಲ್ಲ. ಇರುವಕ್ಕಿಯ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯ ಸಾಗರ ತಾಲೂಕಲ್ಲೇ ಇದೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಅಪ್ಪೆಮಿಡಿ ತಳಿ ಎಷ್ಟೋ ಸಂಗ್ರಹ ಮಾಡಿಟ್ಟಿದಾರೆ, ಕೇಳಿದ್ರೆ ಹೇಳಿಕೊಡ್ತಾರೆ. ರೆಂಬೆ ಕಡಿದು ತಂದ ಮಿಡಿ ತಗೊಳ್ಳಲ್ಲ ಅಂತ ಬೋರ್ಡ್ ಹಾಕ್ಲಿ, ಒಂದೇ ಒಂದು ಸೀಸನ್ ಗಟ್ಟಿಯಾಗಿ ನಿಂತ್ರೆ ಸಾಕು, ಊರಲ್ಲಿ ಸುದ್ದಿ ಆಗುತ್ತೆ. ರಿಪ್ಪನ್‌ಪೇಟೇಲಿ ಮಿಡಿ ವ್ಯಾಪಾರ ನೋಡಿದವರಿಗೆ ಗೊತ್ತು, ತೊಟ್ಟು ಇರೋ ಮಿಡಿ ಯಾವ್ದು ಬಡಿದು ತಂದಿದ್ದು ಯಾವ್ದು ಅಂತ ಕಣ್ಣು ಮುಚ್ಚಿ ಹೇಳೋರು ಇದಾರೆ ಅಲ್ಲಿ. ಮತ್ತೆ ಮರ ಹತ್ತೋರ ವಿಷ್ಯ. ನಮ್ಮೂರಲ್ಲಿ ಮೂವತ್ತು ವರ್ಷ ಮರ ಹತ್ತಿದ ಒಬ್ರು ಬಿದ್ದು ಸೊಂಟ ಮುರ್ಕೊಂಡು ಈಗ ಜಗುಲೀಲಿ ಹಗ್ಗ ಹೊಸೀತಾ ಕೂತಿದಾರೆ, ಅವರ ಮಗನಿಗೆ "ಅಪ್ಪನ ಕೆಲಸ ಮಾಡ್ತೀಯಾ" ಅಂತ ಕೇಳೋ ಧೈರ್ಯ ನನಗಂತೂ ಇಲ್ಲ. ಆ ಮಗ ಶಿವಮೊಗ್ಗದಲ್ಲಿ ಮೊಬೈಲ್ ಅಂಗಡೀಲಿ ಇದಾನೆ. ಇನ್ಶೂರೆನ್ಸು, ಸೇಫ್ಟಿ ಬೆಲ್ಟು, ಒಳ್ಳೇ ಕೂಲಿ ಇದ್ರೆ ಬರ್ತಿದ್ನೋ ಏನೋ. ಇನ್ವೆಸ್ಟರ್‌ಗಳು ಪ್ರತಿ ಮೀಟಿಂಗಲ್ಲಿ ಆ್ಯಪಲ್ಲಿ ಎಷ್ಟು ಆರ್ಡರ್ ಬಂತು ಅಂತ ಕೇಳೋ ಹಾಗೆ ಮರ ಹತ್ತೋರು ಎಷ್ಟು ಜನ ಉಳಿದ್ರು ಅಂತಲೂ ಕೇಳ್ಲಿ.

ಇನ್ನೊಂದು ಮಾತು, ಇದು ಸ್ವಲ್ಪ ಖಾರ ಆದ್ರೂ ಪ್ರಿಂಟ್ ಮಾಡಿ. 2007ರಲ್ಲಿ ಎಂಟಿಆರ್ ಫುಡ್ಸು ನಾರ್ವೆ ದೇಶದ ಓರ್ಕ್ಲಾ ಕಂಪನಿ ಪಾಲಾಯ್ತು, ಇವತ್ತಿಗೂ ಬ್ರ್ಯಾಂಡ್ ನಡೀತಾ ಇದೆ, ನಮ್ಮನೇಲೂ ಅವಸರಕ್ಕೆ ಅವರ ಪುಡಿ ಬಳಸ್ತೀವಿ, ತಪ್ಪೇನಿಲ್ಲ. ನಾಳೆ ಈ ಮಿಡಿ ಕಂಪನೀನೂ ಯಾರೋ ದೊಡ್ಡವರು ತಗೋಬಹುದು, ಆ ಹುಡುಗ ಹುಡುಗಿ ಕಷ್ಟಪಟ್ಟಿದ್ದಕ್ಕೆ ಕೈ ತುಂಬಾ ಸಿಗ್ಲಿ, ಬಿಡಿಸಿಕೊಂಡ ಬಳೆ ಜೊತೆ ಇನ್ನೆರಡು ಬರ್ಲಿ. ಆದ್ರೆ ಕಂಪನಿ ಕೈ ಬದಲಾದ ದಿನ ಮಿಡಿಗೆ ನೂರಕ್ಕೆ ಎಷ್ಟು ಅಂತ ರೇಟು ಹೇಳೋರು ನಮ್ಮ ಜಗುಲಿ ಮೇಲೆ ಕೂತಿರಲ್ಲ, ಫೋನೂ ಎತ್ತಲ್ಲ. ಅಡಿಕೆಗೆ 1939ರಲ್ಲೇ ಮ್ಯಾಮ್ಕೋಸ್ ಅನ್ನೋ ಬೆಳೆಗಾರರ ಸಹಕಾರ ಸಂಘ ಕಟ್ಟಿದ ಊರು ನಮ್ದು, ಮಿಡಿಗೆ ಅಂತ ಮರದವರು, ಕೊಯ್ಯೋರು, ಆರಿಸೋರು ಸೇರಿ ಒಂದು ಸಂಘ ಈಗ್ಲೇ, ಕಂಪನಿ ಇನ್ನೂ ನಮ್ಮ ಹುಡುಗ್ರ ಕೈಲಿರೋವಾಗ್ಲೇ ಮಾಡ್ಕೊಂಡ್ರೆ ಒಳ್ಳೇದು, ಆ ಸಂಘಕ್ಕೂ ಕಂಪನೀಲಿ ಸಣ್ಣ ಪಾಲು ಕೊಟ್ರೆ ಇನ್ನೂ ಒಳ್ಳೇದು. ಇದನ್ನ ಹುಡುಗನ ಹತ್ರನೂ ಹೇಳಿದೀನಿ, ವಕೀಲರ ಹತ್ರ ಕೇಳ್ತೀನಿ ಅಂದಿದಾನೆ. ನೆನಪಿಸ್ತಾ ಇರ್ತೀನಿ, ಮನೆ ಹತ್ರನೇ ಇದೆ.

ಕೊನೇದಾಗಿ ನಿಮ್ಮ ವರದಿಗಾರರಿಗೆ. ಬರೋ ಫೆಬ್ರವರಿ ಕೊನೆಗೆ ನಮ್ಮೂರಿಗೆ ಬನ್ನಿ, ಬೆಳಿಗ್ಗೆ ಆರಕ್ಕೆ ಮುಂಚೆ ಬಂದ್ರೆ ಹೊಳೆ ಆಚೆ ಮರಕ್ಕೆ ಕರ್ಕೊಂಡು ಹೋಗ್ತೀವಿ, ವಾಪಸ್ ಬಂದ ಮೇಲೆ ಅಕ್ಕಿರೊಟ್ಟಿ, ಹೊಸ ಜೋನಿಬೆಲ್ಲ ಇರುತ್ತೆ, ಹಳೇ ಭರಣಿದೊಂದು ಮಿಡಿ ಹಾಕ್ತೀನಿ. ಬಿಳಿ ಶರ್ಟ್ ಹಾಕ್ಕೊಂಡು ಬರ್ಬೇಡಿ ಅಷ್ಟೇ, ಸೊನೆ ಕಲೆ ಯಾವ ಸೋಪಿಗೂ ಹೋಗಲ್ಲ.

ಇಂತಿ,
ನಿಮ್ಮ ಪತ್ರಿಕೆ ಓದೋ ಒಬ್ಬಳು ಮಿಡಿ ಆರಿಸೋಳು,
ಹೊಸನಗರ ತಾಲೂಕು